ಕಾಸರಗೋಡಿನ ವೈರ್‌ಲೆಸ್ ಗೋವಾದಲ್ಲಿ ಕೇಳುವುದು ಹೇಗೆ?

ಮೀನುಗಾರಿಕೆ ಬೋಟುಗಳಿಗೆ ವೈರ್‌ಲೆಸ್ ಸೆಟ್ ಕೂರಿಸುವುದು ನನ್ನ ಕೆಲಸ. ಹ್ಯಾಮ್ ರೇಡಿಯೋ, ಅಂದರೆ ಸ್ವಂತ ವೈರ್‌ಲೆಸ್ ಸೆಟ್ಟಿನಲ್ಲಿ ದೂರದವರೊಡನೆ ಮಾತಾಡುವುದು, ನನ್ನ ಹವ್ಯಾಸ. ಬೋಟು ನಿಲ್ಲುವ ಧಕ್ಕೆಯಲ್ಲೂ ಹ್ಯಾಮ್ ಗೆಳೆಯರ ನಡುವೆಯೂ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಅಣ್ಣಾ, ನಿನ್ನೆ ಸಂಜೆ ಗೋವಾದವರು ಪಕ್ಕದಲ್ಲೇ ಕೂತು ಮಾತಾಡಿದ ಹಾಗಿತ್ತು. ಇವತ್ತು ಬೇಕಲಕ್ಕೂ ಮುಟ್ಟುತ್ತಿಲ್ಲ. ಸೆಟ್ ಹಾಳಾಯ್ತಾ?" ಸೆಟ್ಟಿಗೆ ಏನೂ ಆಗಿರುವುದಿಲ್ಲ. ಕಡಲ ಮೇಲಿನ ಗಾಳಿ ಬದಲಾಗಿರುತ್ತದೆ.

ಮೊದಲು ಸಾಧಾರಣ ದಿನದ ಲೆಕ್ಕ ನೋಡೋಣ. ಹ್ಯಾಮ್‌ಗಳ ಎರಡು ಮೀಟರ್ ಬ್ಯಾಂಡ್ ಇರುವುದು 144ರಿಂದ 146 ಮೆಗಾಹರ್ಟ್ಸ್‌ನಲ್ಲಿ. ಬೋಟಿನವರ 16ನೇ ಚಾನೆಲ್ 156.8ರಲ್ಲಿ. ಎರಡೂ ವಿಎಚ್‌ಎಫ್, ಅಂದರೆ ಅತಿ ಹೆಚ್ಚಿನ ಫ್ರೀಕ್ವೆನ್ಸಿಯ ಅಲೆಗಳು. ಶಾರ್ಟ್‌ವೇವ್ ಹಾಗೆ ಇವು ಆಕಾಶಕ್ಕೆ ತಾಗಿ ವಾಪಸ್ ಬರುವುದಿಲ್ಲ, ಬಹಳ ಮೇಲಿರುವ ವಿದ್ಯುದಾವೇಶದ ಪದರವಾದ ಅಯಾನುಗೋಳವನ್ನು ತೂರಿಕೊಂಡು ಹೋಗಿಬಿಡುತ್ತವೆ. ಗಾಳಿ ಅವನ್ನು ಸ್ವಲ್ಪ ಬಗ್ಗಿಸುವುದರಿಂದ ಕಣ್ಣಿಗೆ ಕಾಣುವ ದಿಗಂತಕ್ಕಿಂತ ತುಸು ಮುಂದೆ ತಲುಪುತ್ತವೆ, ಅಷ್ಟೆ. ಆಂಟೆನಾದ ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿ. ಬಂದದ್ದು ಕಿಲೋಮೀಟರ್. ಕಡಲತೀರದಲ್ಲಿ ಕೈಯಲ್ಲಿ ಹಿಡಿದ ವಾಕಿಟಾಕಿಗೆ ಸುಮಾರು 5 ಕಿ.ಮೀ. ಮುನ್ನೂರು ಮೀಟರ್‌ಗೂ ಎತ್ತರದ ಪೊಸಡಿ ಗುಂಪೆ ಗುಡ್ಡದ ಮೇಲೆ ನಿಂತರೆ 70 ಕಿ.ಮೀ. ದಾಟುತ್ತದೆ. ಆಚೆಯವರ ಎತ್ತರದ ಲೆಕ್ಕವನ್ನೂ ಇದಕ್ಕೆ ಕೂಡಿಸಬೇಕು. ವಾಟ್ ಜಾಸ್ತಿ ಮಾಡಲು ದುಡ್ಡು ಸುರಿಯುವವರಿಗೆ ನಾನು ಮೊದಲು ಹೇಳುವುದು ಇದನ್ನೇ: ಆಂಟೆನಾ ಮೇಲೇರಿಸಿ.

ಹಾಗಾದರೆ ಗೋವಾ? ಅದು ಇಲ್ಲಿಂದ 350 ಕಿ.ಮೀ. ಆಸುಪಾಸು. ಎಷ್ಟೆತ್ತರದ ಆಂಟೆನಾ ಕಂಬ ಹಾಕಿದರೂ ಲೆಕ್ಕ ಕೂಡುವುದಿಲ್ಲ.

ಸಾಮಾನ್ಯವಾಗಿ ಮೇಲೆ ಹೋದಂತೆ ಗಾಳಿ ತಣ್ಣಗಾಗುತ್ತದೆ. ಆದರೆ ಮಳೆಗಾಲ ಮುಗಿದು ಆಕಾಶ ತಿಳಿಯಾದ ತಿಂಗಳುಗಳಲ್ಲಿ ಕಡಲ ಮೇಲೆ ಇದು ತಿರುಗುಮುರುಗಾಗುತ್ತದೆ. ನೀರಿಗೆ ತಾಗಿದ ಗಾಳಿ ತಂಪು, ತೇವ. ನೆಲದ ಕಡೆಯಿಂದ ಬಂದ ಬಿಸಿ ಒಣಗಾಳಿ ಅದರ ಮೇಲೆ ಮುಚ್ಚಳದ ಹಾಗೆ ಹರಡಿಕೊಳ್ಳುತ್ತದೆ. ಎರಡೂ ಸೇರುವ ಜಾಗದಲ್ಲಿ ತೇವ ಒಮ್ಮೆಲೇ ಇಳಿಯುತ್ತದೆ, ಉಷ್ಣತೆ ಏರುತ್ತದೆ. ಅಲ್ಲಿಗೆ ತಲುಪಿದ ರೇಡಿಯೋ ಅಲೆ ಭೂಮಿಯ ಬಾಗಿಗಿಂತ ಜಾಸ್ತಿ ಬಗ್ಗಿ ಕೆಳಗಿಳಿಯುತ್ತದೆ, ನೀರಿಗೆ ತಾಗಿ ಮತ್ತೆ ಮೇಲೇಳುತ್ತದೆ. ಅಡಿಕೆ ಮರದ ದಂಬೆಯಲ್ಲಿ ನೀರು ಹರಿದ ಹಾಗೆ, ಆಚೀಚೆ ಚೆಲ್ಲದೆ ಮುಂದೆ ಸಾಗುತ್ತದೆ. ಇದಕ್ಕೆ ಡಕ್ಟ್ ಅಂತ ಹೆಸರು. ಎರಡು ಮೀಟರ್ ಬ್ಯಾಂಡಿಗೆ ಈ ಪದರ ನೂರು ಇನ್ನೂರು ಮೀಟರ್‌ನಷ್ಟಾದರೂ ದಪ್ಪ ಇರಬೇಕು. ನೀರಿನ ಮೇಲೆ ಸದಾ ಇರುವ ತೆಳು ಆವಿಪದರ ಹಡಗಿನ ರಾಡಾರ್‌ನ ಪುಟ್ಟ ಅಲೆಗಳಿಗೆ ಸಾಕು, ನಮಗೆ ಸಾಲದು.

ನಮ್ಮ ಅರಬ್ಬಿ ಕಡಲು ಇದಕ್ಕೆ ಹೆಸರುವಾಸಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಮುಂಬಯಿಯಲ್ಲಿದ್ದ 200 ಮೆಗಾಹರ್ಟ್ಸ್ ರಾಡಾರ್‌ಗೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆಚೆಯ ಅರೇಬಿಯಾ ಕರಾವಳಿ ಕಾಣಿಸುತ್ತಿತ್ತು. ಹ್ಯಾಮ್‌ಗಳಲ್ಲಿ 1957ರ ಜುಲೈಯಲ್ಲಿ ಕ್ಯಾಲಿಫೋರ್ನಿಯಾ ಮತ್ತು ಹವಾಯಿಯ ಇಬ್ಬರು 144 ಮೆಗಾಹರ್ಟ್ಸ್‌ನಲ್ಲಿ ಸುಮಾರು 4,000 ಕಿ.ಮೀ. ದೂರ ಮಾತಾಡಿದರು. ಅದೂ ಕಡಲ ಮೇಲಿನ ಡಕ್ಟ್‌ನ ಕೆಲಸವೇ. ಜೂನ್‌ನಲ್ಲಿ ಮಳೆಗಾಲದ ಗಾಳಿ ಬೀಸಲು ಶುರುವಾದರೆ ನಮ್ಮಲ್ಲಿ ಪದರಗಳೆಲ್ಲ ಕಲಸಿಹೋಗುತ್ತವೆ. ಆಟ ಮುಗಿಯಿತು.

ಇಲ್ಲೊಂದು ತಮಾಷೆ ಇದೆ. ಡಕ್ಟ್ ಬಿದ್ದ ಸಂಜೆ ಉತ್ಸಾಹದಲ್ಲಿ ಗುಡ್ಡ ಹತ್ತಿದರೆ ಕೆಲವೊಮ್ಮೆ ಏನೂ ಕೇಳಿಸುವುದಿಲ್ಲ. ನೀವು ಮುಚ್ಚಳದ ಮೇಲೆ ನಿಂತಿರುತ್ತೀರಿ, ಮಾತುಕತೆ ನಡೆಯುವುದು ಕೆಳಗೆ! ಅಂಥ ದಿನ ಪೊಸಡಿ ಗುಂಪೆಗಿಂತ ಉಪ್ಪಳದ ಮನೆಯ ತಾರಸಿಯೇ ವಾಸಿ.

ಡಕ್ಟ್ ಇದೆಯೇ ಎಂದು ತಿಳಿಯಲು ಉಪಕರಣ ಬೇಕಿಲ್ಲ. ಗಾಳಿ ನಿಂತಿದೆಯೇ, ಹೊಗೆ ಸ್ವಲ್ಪ ಮೇಲೇರಿ ಅಡ್ಡಡ್ಡಕ್ಕೆ ಹರಡುತ್ತಿದೆಯೇ, ದಿಗಂತ ಮಸುಕಾಗಿದೆಯೇ ನೋಡಿ. ಎಫ್‌ಎಂ ರೇಡಿಯೋವೂ ವಿಎಚ್‌ಎಫ್ಫೇ ಅಲ್ವಾ? ಸುಮ್ನೆ ಅದನ್ನು ತಿರುಗಿಸಿ. ದಿನಾ ಬರುವ ಮಂಗಳೂರು ಸ್ಟೇಷನ್‌ಗಳ ನಡುವೆ ಗುರುತಿಲ್ಲದ ಊರಿನ ಸ್ಟೇಷನ್ ನುಗ್ಗಿದರೆ ಬ್ಯಾಂಡ್ ತೆರೆದಿದೆ ಎಂದರ್ಥ. ದೂರದ ರಿಪೀಟರ್‌ಗಳ (ಸಿಗ್ನಲ್ ಹಿಡಿದು ಮತ್ತೆ ಕಳಿಸುವ ಸ್ಟೇಷನ್‌ಗಳ) ಫ್ರೀಕ್ವೆನ್ಸಿಗಳನ್ನು ಸೆಟ್ಟಿನಲ್ಲಿ ಮೊದಲೇ ತುಂಬಿಸಿಟ್ಟುಕೊಳ್ಳಿ. ಸಿಗ್ನಲ್ ಸಣ್ಣದಾಗಿದ್ದರೆ ಎಫ್‌ಎಂನಲ್ಲಿ ಒದ್ದಾಡಬೇಡಿ, ಸಣ್ಣ ಸಿಗ್ನಲ್‌ನಲ್ಲೂ ದನಿ ದಾಟಿಸುವ ಎಸ್‌ಎಸ್‌ಬಿ ವಿಧಾನಕ್ಕೆ ಹೋಗಿ.

ಉಲ್ಕೆಗಳ ಬಾಲಕ್ಕೆ, ಚಂದ್ರನಿಗೆ ಸಿಗ್ನಲ್ ತಾಗಿಸಿ ಮಾತಾಡುವವರೂ ಇದ್ದಾರೆ. ಚಂದ್ರನಿಂದ ನಿಮ್ಮದೇ ದನಿ ವಾಪಸ್ ಬರಲು ಎರಡೂವರೆ ಸೆಕೆಂಡ್ ಬೇಕು. ಅದಕ್ಕೆ ದೊಡ್ಡ ಆಂಟೆನಾ, ದೊಡ್ಡ ತಾಳ್ಮೆ ಎರಡೂ ಬೇಕು. ಕರಾವಳಿಯವರಿಗೆ ಅಷ್ಟು ದೂರ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ.

ಬೋಟಿನವರಿಗೆ ಒಂದು ಮಾತು. ಡಕ್ಟ್ ಇರುವ ರಾತ್ರಿ ದನಿ ಜೋರಾಗಿ ಕೇಳಿದ ಮಾತ್ರಕ್ಕೆ ಬೋಟು ಹತ್ತಿರ ಇದೆ ಎಂದುಕೊಳ್ಳಬೇಡಿ. ಬೋಟಿನ ಎಫ್‌ಎಂ ವೈರ್‌ಲೆಸ್ ಸೆಟ್ಟು ಜೋರಿನ ಸಿಗ್ನಲ್ಲನ್ನೇ ಹಿಡಿಯುತ್ತದೆ. ಪಕ್ಕದ ಬೋಟಿನ ಕೂಗು ಅದರಡಿ ಮುಚ್ಚಿಹೋಗಬಹುದು. 16ನೇ ಚಾನೆಲ್‌ನಲ್ಲಿ ಸಹಾಯ ಕೇಳುವಾಗ "ಇಲ್ಲೇ ಇದ್ದೇವೆ" ಎಂದರೆ ಸಾಲದು. ಬೋಟು ನಡೆಸುವ ತಾಂಡೇಲರು ಬೋಟಿನ ಹೆಸರಿನ ಜೊತೆಗೆ ಜಿಪಿಎಸ್‌ನಲ್ಲಿ ಕಾಣುವ ಅಕ್ಷಾಂಶ, ರೇಖಾಂಶಗಳನ್ನೂ ಹೇಳಬೇಕು, ಎರಡೆರಡು ಸಲ.