ಪ್ಯಾರಾಸಿಟಿಕ್ ಡ್ರೇನ್ ಅಂದರೆ ಎಷ್ಟು?

ನಿಲ್ಲಿಸಿಟ್ಟ ಕಾರು ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಈಗೀಗ ಎಲ್ಲದಕ್ಕೂ ಒಂದೇ ಹೆಸರು: ಪ್ಯಾರಾಸಿಟಿಕ್ ಡ್ರೇನ್. ಬ್ಯಾಟರಿ ಹಳೆಯದಾಗಿ ಚಾರ್ಜ್ ಹಿಡಿಯದಿದ್ದರೂ ಅದೇ, ಇಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಸರಿಯಾಗಿ ಚಾರ್ಜ್ ಮಾಡದಿದ್ದರೂ ಅದೇ, ಟರ್ಮಿನಲ್ ಕ್ಲ್ಯಾಂಪ್ ಸಡಿಲವಾಗಿದ್ದರೂ ಅದೇ. ಎಸಿ ಹಾಕಿದಾಗ ಮೈಲೇಜ್ ಬೀಳುವುದನ್ನೂ ಮೊನ್ನೆ ಒಬ್ಬರು ಇದೇ ಹೆಸರಿನಿಂದ ವಿವರಿಸುತ್ತಿದ್ದರು. ಓಡುವ ಇಂಜಿನ್ನಿನ ಶಕ್ತಿಯಲ್ಲಿ ಕಂಪ್ರೆಸರ್, ಪಂಪುಗಳು ತಿನ್ನುವ ಪಾಲಿಗೆ ಪ್ಯಾರಾಸಿಟಿಕ್ ಲಾಸ್ ಎನ್ನುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಹೆಸರು ತಪ್ಪಿದರೆ ಹುಡುಕಾಟವೂ ತಪ್ಪು ಜಾಗದಲ್ಲಿ ಶುರುವಾಗುತ್ತದೆ, ಅದಕ್ಕಾಗಿ ಇಷ್ಟು ಬರೆಯಬೇಕಾಗಿದೆ.

ಕೀ ತೆಗೆದು, ಬಾಗಿಲುಗಳನ್ನು ಲಾಕ್ ಮಾಡಿ, ಕಾರಿನೊಳಗಿನ ಮಾಡ್ಯೂಲುಗಳೆಲ್ಲ (ಬೇರೆ ಬೇರೆ ಭಾಗಗಳನ್ನು ನಡೆಸುವ ಸಣ್ಣ ಕಂಪ್ಯೂಟರುಗಳು) ನಿದ್ದೆಗೆ ಹೋದ ಮೇಲೂ ಬ್ಯಾಟರಿಯಿಂದ ಹೋಗಬೇಕಾದ್ದಕ್ಕಿಂತ ಹೆಚ್ಚು ಕರೆಂಟ್ ಹೋಗುತ್ತಿದ್ದರೆ ಅದು ಪ್ಯಾರಾಸಿಟಿಕ್ ಡ್ರೇನ್. ಜನ ಬಿಟ್ಟುಬಿಡುವುದು ‘ಹೋಗಬೇಕಾದ್ದಕ್ಕಿಂತ ಹೆಚ್ಚು’ ಎಂಬ ಮಾತನ್ನು. ಗಡಿಯಾರ, ಅಲಾರಂ, ರಿಮೋಟ್ ಕೀಯ ಸಂಕೇತಕ್ಕೆ ಕಾದು ಕೂತ ರಿಸೀವರ್, ಕಂಪ್ಯೂಟರಿನ ನೆನಪು, ಇವೆಲ್ಲ ಗಾಡಿ ನಿಂತಾಗಲೂ ಕರೆಂಟ್ ಬಳಸುತ್ತವೆ. ಈಗಿನ ಬಹುತೇಕ ಕಾರುಗಳಲ್ಲಿ ಇದೆಲ್ಲ ಸೇರಿ 20ರಿಂದ 50 ಮಿಲಿಆಂಪಿಯರ್ ಆಗುತ್ತದೆ. ಸಲಕರಣೆ ಹೆಚ್ಚಿದ್ದರೆ ಇನ್ನೂ ಸ್ವಲ್ಪ ಮೇಲೆ ಹೋಗಬಹುದು. ಇದಕ್ಕೆ ಕ್ವಯಸೆಂಟ್ ಕರೆಂಟ್ ಎಂಬ ಬೇರೆ ಹೆಸರೇ ಇದೆ. ಇದನ್ನೂ ಪ್ಯಾರಾಸಿಟಿಕ್ ಎಂದು ಕರೆಯುವ ಅಭ್ಯಾಸ ಇಂಗ್ಲಿಷ್ ಕೈಪಿಡಿಗಳಲ್ಲೂ ಇರುವುದರಿಂದ ಗೊಂದಲದ ಅರ್ಧ ಪಾಲು ಅಲ್ಲಿಂದಲೇ ಬಂದಿದೆ. ಮೂಲ ಗ್ರೀಕ್ ಪದದಲ್ಲಿ ‘ಪಾರಾ’ ಎಂದರೆ ಪಕ್ಕ, ‘ಸಿಟೋಸ್’ ಎಂದರೆ ಧಾನ್ಯ, ಅನ್ನ. ಇನ್ನೊಬ್ಬರ ಪಂಕ್ತಿಯಲ್ಲಿ ಕೂತು ಉಣ್ಣುವವನು ಪ್ಯಾರಸೈಟ್. ಗಡಿಯಾರವೂ ಅಲಾರಮ್ಮೂ ಆ ಮನೆಯವರೇ. ಅವರ ಎಲೆಗೆ ಬಡಿಸಿದ್ದನ್ನು ಈ ಲೆಕ್ಕಕ್ಕೆ ಸೇರಿಸಬಾರದು.

ಹಾಗಾಗಿ ‘ಡ್ರೇನ್ ಇದೆ’ ಎಂದಷ್ಟೇ ಹೇಳಿದರೆ ಏನನ್ನೂ ಹೇಳಿದಂತಾಗುವುದಿಲ್ಲ. ಕರೆಂಟ್ ಎಲ್ಲ ಕಾರಿನಲ್ಲೂ ಹೋಗುತ್ತದೆ. ಎಷ್ಟು ಹೋಗುತ್ತದೆ ಎಂಬುದೇ ಪ್ರಶ್ನೆ.

45 ಆಂಪಿಯರ್-ಅವರ್‌ನ ಬ್ಯಾಟರಿಯನ್ನೇ ತೆಗೆದುಕೊಳ್ಳಿ. 30 ಮಿಲಿಆಂಪಿಯರ್ ದಿನಕ್ಕೆ 0.72 ಆಂಪಿಯರ್-ಅವರ್ ಆಗುತ್ತದೆ. 30 ದಿನಕ್ಕೆ 21.6, ಅಂದರೆ ಹತ್ತಿರ ಹತ್ತಿರ ಅರ್ಧ ಬ್ಯಾಟರಿ. ಇದರ ಜೊತೆಗೆ ಲೆಡ್-ಆಸಿಡ್ ಬ್ಯಾಟರಿ ತನ್ನಷ್ಟಕ್ಕೆ ತಾನೇ ತಿಂಗಳಿಗೆ ಶೇಕಡಾ 3ರಿಂದ 5ರಷ್ಟು ಇಳಿಯುತ್ತದೆ, ಬಿಸಿಲಿನಲ್ಲಿ ಇನ್ನೂ ಹೆಚ್ಚು. ಅದು ಹಳೆಯದಾಗಿ, ಮೇಲೆ 45 ಎಂದು ಬರೆದಿದ್ದರೂ ಒಳಗೆ 25 ಮಾತ್ರ ಹಿಡಿಯುವ ಸ್ಥಿತಿಗೆ ಬಂದಿದ್ದರೆ, ತಿಂಗಳು ನಿಲ್ಲಿಸಿದ ಕಾರು ಸ್ಟಾರ್ಟ್ ಆಗದಿರುವುದು ಲೆಕ್ಕಕ್ಕೆ ಸರಿಯಾಗಿಯೇ ಇದೆ. ಆ ಕಾರಿನಲ್ಲಿ ಪ್ಯಾರಾಸಿಟಿಕ್ ಡ್ರೇನ್ ಎಂಬುದು ಇಲ್ಲವೇ ಇಲ್ಲ! ಆದರೂ ಊರಿಗೆ ಹೋಗಿ ತಿಂಗಳ ನಂತರ ಬಂದವರು ನೇರವಾಗಿ ವೈರಿಂಗ್ ಬಿಚ್ಚಿಸಲು ಹೊರಡುತ್ತಾರೆ. ದಯವಿಟ್ಟು ಬೇಡ.

ಇದೇ ಲೆಕ್ಕವನ್ನು ಹಿಂದುಮುಂದಾಗಿ ಹಾಕಿದರೆ ಒಳ್ಳೆಯ ಸುಳಿವು ಸಿಗುತ್ತದೆ. ಬ್ರೇಕ್ ಪೆಡಲಿನ ಸ್ವಿಚ್ ಸಿಕ್ಕಿಕೊಂಡು 21 ವಾಟಿನ ಎರಡು ಬಲ್ಬು ಉರಿಯುತ್ತಲೇ ಇದ್ದರೆ ಸುಮಾರು 3.5 ಆಂಪಿಯರ್, ಬ್ಯಾಟರಿ ಇಳಿಯಲು ಒಂದು ರಾತ್ರಿ ಸಾಕು. ಗ್ಲವ್ ಬಾಕ್ಸಿನಲ್ಲೋ ಡಿಕ್ಕಿಯಲ್ಲೋ 5 ವಾಟಿನ ಬಲ್ಬು ಆರದೆ ಉಳಿದರೆ ಸುಮಾರು 0.4 ಆಂಪಿಯರ್, ದಿನಕ್ಕೆ ಹತ್ತು ಆಂಪಿಯರ್-ಅವರ್ ಹತ್ತಿರ. ಎರಡು ದಿನ ದಾಟುವಷ್ಟರಲ್ಲಿ ಅರ್ಧ ಖಾಲಿ. ನಿದ್ದೆಗೆ ಹೋಗದ ಮಾಡ್ಯೂಲ್ ಕೂಡ ಸಾಮಾನ್ಯವಾಗಿ ಈ ಕೆಲವು ನೂರು ಮಿಲಿಆಂಪಿಯರ್ ಗುಂಪಿಗೇ ಸೇರುತ್ತದೆ. ಆದ್ದರಿಂದ ಬ್ಯಾಟರಿ ಚೆನ್ನಾಗಿದೆ ಎಂದು ಖಚಿತವಾದ ಮೇಲೆ ಮೊದಲು ಕೇಳಬೇಕಾದ್ದು, ಎಷ್ಟು ದಿನಕ್ಕೆ ಇಳಿಯಿತು?

ಈಗ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಮಾತಿಗೆ ಬರುತ್ತೇನೆ. ‘ಎಲ್ಲೋ ಶಾರ್ಟ್ ಆಗಿದೆ, ಅದಕ್ಕೇ ಎರಡು ದಿನಕ್ಕೆ ಬ್ಯಾಟರಿ ಡೌನ್ ಆಗುತ್ತೆ.’ ಈ ವಾಕ್ಯದ ಎರಡು ಭಾಗಗಳು ಒಂದಕ್ಕೊಂದು ಕೂಡುವುದೇ ಇಲ್ಲ. ಶಾರ್ಟ್ ಎಂದರೆ ಕರೆಂಟಿಗೆ ತಡೆಯೇ ಇಲ್ಲದ ದಾರಿ. ಕಾರಿನ ಬ್ಯಾಟರಿ ಅಂಥ ದಾರಿಯಲ್ಲಿ ನೂರಾರು ಆಂಪಿಯರ್ ಹರಿಸಬಲ್ಲದು. ಫ್ಯೂಸ್ ಇದ್ದರೆ ಆ ಕ್ಷಣವೇ ಹಾರುತ್ತದೆ. ಇಲ್ಲದಿದ್ದರೆ ವೈರ್ ಕೆಂಪಗೆ ಕಾದು ಹೊಗೆ ಬರುತ್ತದೆ. ಶಾರ್ಟ್ ಎರಡು ದಿನ ಕಾಯುವುದಿಲ್ಲ. ಎರಡು ದಿನದಲ್ಲಿ ಬ್ಯಾಟರಿ ಇಳಿಸುವ 0.4 ಆಂಪಿಯರಿನ ದಾರಿಗೆ ಎಷ್ಟು ರೆಸಿಸ್ಟೆನ್ಸ್ ಇದೆ ನೋಡಿ: 12.6 ವೋಲ್ಟನ್ನು 0.4ರಿಂದ ಭಾಗಿಸಿದರೆ 31.5 ಓಮ್. ಅದು ಶಾರ್ಟ್ ಅಲ್ಲ, ಆರೋಗ್ಯವಾಗಿರುವ ಒಂದು ಸಣ್ಣ ಲೋಡ್. ಬಲ್ಬು ಸರಿಯಾಗಿದೆ, ವೈರ್ ಸರಿಯಾಗಿದೆ, ಇನ್ಸುಲೇಷನ್ ಸರಿಯಾಗಿದೆ; ಆರಬೇಕಾದ ಹೊತ್ತಿನಲ್ಲಿ ಅದು ಆರಿಲ್ಲ, ಅಷ್ಟೇ. ‘ಶಾರ್ಟ್ ಹುಡುಕಿ’ ಎಂದು ಹೇಳಿ ಬಂದರೆ ಎಲೆಕ್ಟ್ರಿಷಿಯನ್ ಹಾರ್ನೆಸ್ಸಿನ, ಅಂದರೆ ವೈರುಗಳ ಕಟ್ಟಿನ, ಟೇಪ್ ಬಿಚ್ಚಿ, ಉಜ್ಜಿದ ವೈರ್ ಎಲ್ಲಿದೆ ಎಂದು ನೋಡುತ್ತಾನೆ. ಆದರೆ ತಪ್ಪಿತಸ್ಥ ಸಿಗುವುದು ಸಾಮಾನ್ಯವಾಗಿ ಆಫ್ ಆಗದ ಸ್ವಿಚ್ಚಿನಲ್ಲಿ, ಅಂಟಿಕೊಂಡ ರಿಲೇಯಲ್ಲಿ, ನಿದ್ದೆಗೆ ಹೋಗದ ಮಾಡ್ಯೂಲಿನಲ್ಲಿ.

‘ಅರ್ಥ್ ಆಗುತ್ತಿದೆ’, ಅಂದರೆ ಕರೆಂಟ್ ಬಾಡಿಗೆ ಹೋಗುತ್ತಿದೆ, ಎಂಬುದೂ ಇದೇ ಜಾತಿಯ ಮಾತು. ಕಾರಿನ ಬಾಡಿಯೇ ನೆಗೆಟಿವ್. ಹೆಡ್‌ಲೈಟಿನಿಂದ ಹಾರ್ನ್ ತನಕ ಹೆಚ್ಚುಕಡಿಮೆ ಎಲ್ಲದರ ಕರೆಂಟೂ ಬಾಡಿಯ ಮೂಲಕವೇ ಹಿಂದಿರುಗುತ್ತದೆ. ಹಾಗಾಗಿ ಬಾಡಿಗೆ ಹೋಗುವುದೇ ದೋಷವಲ್ಲ.

ಶಾರ್ಟ್ ಎಂಬ ಪದಕ್ಕೆ ನಿಜವಾಗಿ ಜಾಗವಿರುವುದು ಎರಡು ಕಡೆ. ಬ್ಯಾಟರಿಯ ಆರು ಸೆಲ್‌ಗಳಲ್ಲಿ ಒಂದು ಒಳಗೇ ಶಾರ್ಟ್ ಆದರೆ 12.6 ಇರಬೇಕಾದ ವೋಲ್ಟೇಜ್ 10.5ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಇದನ್ನು ಪತ್ತೆ ಮಾಡಲು ಕಾರೇ ಬೇಡ: ಪೂರ್ತಿ ಚಾರ್ಜ್ ಮಾಡಿ, ನೆಗೆಟಿವ್ ಕೇಬಲ್ ಬಿಚ್ಚಿ ರಾತ್ರಿಯಿಡೀ ಬಿಡಿ. ಹಾಗೇ ಇಳಿದರೆ ಕಾರಿನದೇನೂ ತಪ್ಪಿಲ್ಲ. ಇನ್ನೊಂದು, ಆಲ್ಟರ್ನೇಟರಿನ ಡಯೋಡ್. ಒಂದೇ ದಿಕ್ಕಿನಲ್ಲಿ ಕರೆಂಟ್ ಬಿಡಬೇಕಾದ ಡಯೋಡ್ ಕೆಟ್ಟರೆ ಬ್ಯಾಟರಿಯಿಂದ ಹಿಮ್ಮುಖವಾಗಿ ಸೋರುತ್ತದೆ. ಆಲ್ಟರ್ನೇಟರಿನ ದಪ್ಪ ಕೇಬಲ್ ಸಣ್ಣ ಫ್ಯೂಸುಗಳ ಪೆಟ್ಟಿಗೆಯನ್ನು ಹಾದು ಹೋಗುವುದಿಲ್ಲ. ಆದ್ದರಿಂದ ಮೀಟರಿನ ಅಂಕಿ ಇಳಿಯುತ್ತದೆಯೇ ಎಂದು ಒಂದೊಂದೇ ಫ್ಯೂಸ್ ಕಿತ್ತು ನೋಡಿ ‘ಎಲ್ಲಾ ಸರಿ ಇದೆ’ ಎಂದು ಕೈಬಿಟ್ಟವರ ಕಾರುಗಳಲ್ಲಿ ಇದನ್ನು ಮರೆಯದೆ ನೋಡಬೇಕು. ಆ ಕೇಬಲ್ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿರಬೇಕು.

ಅಳತೆಯಲ್ಲೂ ಪದ ಕೆಡುತ್ತದೆ. ನೆಗೆಟಿವ್ ಕೇಬಲ್ ಬಿಚ್ಚಿ ಮಧ್ಯೆ ಮಲ್ಟಿಮೀಟರ್ ಸೇರಿಸಿದ ತಕ್ಷಣ ಒಂದು ಆಂಪಿಯರಿಗೂ ಮೇಲೆ ತೋರಿಸಿತು, ಫೋಟೊ ತೆಗೆದು ‘ನೋಡಿ ಡ್ರೇನ್’ ಎಂದರು. ಆಗ ಮೀಟರ್ ತೋರಿಸುತ್ತಿರುವುದು ಎಚ್ಚರವಾದ ಮಾಡ್ಯೂಲುಗಳ ಕರೆಂಟು. ಅವು ಮತ್ತೆ ಮಲಗಲು ಕೆಲವು ಕಾರುಗಳಲ್ಲಿ ಹತ್ತು ನಿಮಿಷ, ಕೆಲವದರಲ್ಲಿ ಒಂದು ಗಂಟೆ ಬೇಕು. ರೀಡಿಂಗ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದನ್ನು ಕಾದು ನೋಡಿ, ಕೊನೆಗೆ ನಿಂತ ಅಂಕಿಯನ್ನು ಮಾತ್ರ ಬರೆದುಕೊಳ್ಳಬೇಕು. ಒಳಗಿನ ಫ್ಯೂಸ್ ಬಾಕ್ಸಿಗಾಗಿ ಬಾಗಿಲು ತೆರೆದಿಡಬೇಕಾದರೆ ಬಾಗಿಲಿನ ಲಾಚನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದ ಸ್ಥಿತಿಗೆ ತಿರುಗಿಸಿ, ಬಾಗಿಲು ಹಾಕಿದೆ ಎಂದು ಕಾರಿಗೆ ಅನಿಸುವಂತೆ ಮಾಡಿ. ಅಳತೆ ಮುಗಿದ ಮೇಲೆ ಲಾಚನ್ನು ಬಿಡಿಸದೆ ಬಾಗಿಲು ಹಾಕಬೇಡಿ. ಕೀಲೆಸ್ ಕೀಯನ್ನು ಜೇಬಿನಲ್ಲಿಟ್ಟುಕೊಂಡು ಪಕ್ಕದಲ್ಲೇ ನಿಲ್ಲಬೇಡಿ, ಅದೂ ಕಾರನ್ನು ಎಬ್ಬಿಸುತ್ತದೆ. ಮೀಟರ್ ಸೇರಿಸಿರುವಾಗ ಸ್ಟಾರ್ಟ್ ಮಾಡುವುದಂತೂ ಕೂಡದು: ಸ್ಟಾರ್ಟರ್ ನೂರಾರು ಆಂಪಿಯರ್ ಎಳೆಯುತ್ತದೆ, ಮೀಟರಿನ ಮಿತಿ ಸಾಮಾನ್ಯವಾಗಿ 10.

ಇದಕ್ಕಿಂತ ಸೂಕ್ಷ್ಮವಾದ ತೊಡಕೊಂದಿದೆ. ಕೇಬಲ್ ಬಿಚ್ಚಿದಾಗ ಸಿಕ್ಕಿಕೊಂಡಿದ್ದ ಮಾಡ್ಯೂಲ್ ರೀಸೆಟ್ ಆಗಿ, ಮತ್ತೆ ಜೋಡಿಸಿದಾಗ ಶಿಸ್ತಾಗಿ ಮಲಗಿಬಿಡಬಹುದು. ಅಳತೆ ಸರಿಯಾಗಿ ಬರುತ್ತದೆ, ಕಾರು ಮನೆಗೆ ಹೋಗುತ್ತದೆ, ವಾರದಲ್ಲಿ ಮತ್ತೆ ಬ್ಯಾಟರಿ ಡೌನ್. ಇದನ್ನು ತಪ್ಪಿಸಲು, ಕ್ಲ್ಯಾಂಪ್ ಎತ್ತುವ ಮೊದಲೇ ಮೀಟರಿನ ಒಂದು ತುದಿಯನ್ನು ನೆಗೆಟಿವ್ ಪೋಸ್ಟಿಗೂ ಇನ್ನೊಂದನ್ನು ಕೇಬಲ್ಲಿಗೂ ಹಿಡಿಸಿ, ಆಮೇಲೆ ನಿಧಾನವಾಗಿ ಕ್ಲ್ಯಾಂಪ್ ಎತ್ತಬೇಕು. ಕರೆಂಟ್ ಒಂದು ಕ್ಷಣವೂ ಕಡಿಯಬಾರದು. ವೈರಿನ ಸುತ್ತ ಹಿಡಿದರೆ ಸಾಕಾಗುವ, ಮಿಲಿಆಂಪಿಯರ್ ಅಳೆಯುವ ಡಿಸಿ ಕ್ಲ್ಯಾಂಪ್ ಮೀಟರ್ ಇದ್ದರೆ ಏನನ್ನೂ ಬಿಚ್ಚುವ ಪ್ರಮೇಯವೇ ಬರುವುದಿಲ್ಲ.

ಫ್ಯೂಸ್ ಕೀಳುವುದಕ್ಕೂ ಇದೇ ಆಕ್ಷೇಪ. ಒಂದನ್ನು ಕಿತ್ತು ಮತ್ತೆ ಹಾಕಿದಾಗ ಇನ್ಯಾವುದೋ ಎದ್ದು ಕೂರುತ್ತದೆ, ಮತ್ತೆ ಅರ್ಧ ಗಂಟೆ ಕಾಯಬೇಕು. ಬ್ಲೇಡ್ ಫ್ಯೂಸಿನ ತಲೆಯ ಮೇಲೆ ಲೋಹ ಕಾಣುವ ಎರಡು ಚುಕ್ಕೆಗಳಿರುತ್ತವೆ. ಅಲ್ಲಿ ಮಿಲಿವೋಲ್ಟ್ ಅಳೆದರೆ ಕೀಳದೆಯೇ ಉತ್ತರ ಸಿಗುತ್ತದೆ. 10 ಆಂಪಿಯರಿನ ಫ್ಯೂಸಿಗೆ ಸುಮಾರು ಏಳೆಂಟು ಮಿಲಿಓಮ್ ರೆಸಿಸ್ಟೆನ್ಸ್ ಇರುವುದರಿಂದ 100 ಮಿಲಿಆಂಪಿಯರ್ ಹರಿದರೆ ಮುಕ್ಕಾಲು ಮಿಲಿವೋಲ್ಟಿನಷ್ಟು ಕಾಣಿಸುತ್ತದೆ. ಸೊನ್ನೆ ತೋರಿಸುವ ಫ್ಯೂಸುಗಳನ್ನು ಬಿಟ್ಟು ಅಂಕಿ ತೋರಿಸುವುದರ ಹಿಂದೆ ಹೋಗಿ. ರೇಟಿಂಗ್ ಬದಲಾದಂತೆ ಈ ರೆಸಿಸ್ಟೆನ್ಸ್ ಬದಲಾಗುತ್ತದೆ, ದೊಡ್ಡ ಫ್ಯೂಸಿಗೆ ಕಡಿಮೆ.

ಕೇಬಲ್ ಮುಟ್ಟಿಸಿದಾಗ ಕಿಡಿ ಬಂತು, ಆದ್ದರಿಂದ ಡ್ರೇನ್ ಇದೆ ಎಂಬ ತೀರ್ಮಾನವನ್ನು ಇನ್ನಾದರೂ ಬಿಡಬೇಕು. ಮಾಡ್ಯೂಲುಗಳ ಒಳಗಿನ ಕೆಪಾಸಿಟರುಗಳು ತುಂಬಿಕೊಳ್ಳುವಾಗ ಯಾವ ದೋಷವೂ ಇಲ್ಲದ ಕಾರಿನಲ್ಲೂ ಕಿಡಿ ಬರುತ್ತದೆ. ಬ್ಯಾಟರಿಗೂ ಕೇಬಲ್ಲಿಗೂ ನಡುವೆ ಬಲ್ಬು ಸೇರಿಸಿ ಉರಿಯುತ್ತದೆಯೇ ಎಂದು ನೋಡುವ ಹಳೆಯ ಪರೀಕ್ಷೆ ಎಲೆಕ್ಟ್ರಾನಿಕ್ಸ್ ಇಲ್ಲದ ಗಾಡಿಗಳಿಗೆ ಸರಿಯಾಗಿತ್ತು.

ಆಮೇಲೆ ಹಾಕಿಸಿಕೊಂಡ ಸಾಮಾನುಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ಪಾರ್ಕಿಂಗ್ ಮೋಡಿನ ಡ್ಯಾಶ್‌ಕ್ಯಾಮ್ ರಾತ್ರಿಯಿಡೀ ರೆಕಾರ್ಡ್ ಮಾಡಲಿ ಎಂದು ನೀವೇ ಹಾಕಿಸಿದ್ದು. ಅದು ಎಳೆಯುವ ಕರೆಂಟು ದೋಷವಲ್ಲ, ಲೋಡ್. ಬ್ಯಾಟರಿ ಇಷ್ಟು ವೋಲ್ಟಿಗೆ ಇಳಿದರೆ ನಿಲ್ಲು ಎಂಬ ಕಟ್-ಆಫ್ ಇಟ್ಟರೆ ಮುಗಿಯಿತು. ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಇಗ್ನಿಷನ್ ಲೈನಿಗೆ ಕೊಡಬೇಕಾದ ಸ್ಟೀರಿಯೊ ವೈರನ್ನು ನೇರ ಬ್ಯಾಟರಿ ಲೈನಿಗೆ ಕೊಟ್ಟು ಆಂಪ್ಲಿಫೈಯರ್ ಸದಾ ಎಚ್ಚರವಾಗಿದ್ದರೆ ಅದು ನಿಜವಾದ ಪ್ಯಾರಾಸಿಟಿಕ್ ಡ್ರೇನ್. ಒಬಿಡಿ ಸಾಕೆಟ್ಟಿಗೆ (ಕಾರಿನ ದೋಷ ಓದುವ ಉಪಕರಣ ಜೋಡಿಸುವ ಜಾಗ) ಚುಚ್ಚಿ ಮರೆತ ಡಾಂಗಲ್ ಕೂಡ ಈ ಎರಡನೆಯ ಗುಂಪಿಗೇ ಸೇರುತ್ತದೆ: ಆ ಸಾಕೆಟ್ಟಿನ 16ನೇ ಪಿನ್ನಿಗೆ ಕೀ ತೆಗೆದ ಮೇಲೂ ಬ್ಯಾಟರಿ ಸಪ್ಲೈ ಇರುತ್ತದೆ, ಕೆಲವು ಡಾಂಗಲ್‌ಗಳು ಪದೇ ಪದೇ ಪ್ರಶ್ನೆ ಕಳಿಸಿ ಮಾಡ್ಯೂಲುಗಳನ್ನು ಮಲಗಲೂ ಬಿಡುವುದಿಲ್ಲ. ಹುಡುಕಾಟವನ್ನು ಇಂಥವುಗಳಿಂದಲೇ ಆರಂಭಿಸಿ. ಬಿಚ್ಚುವುದು ಸುಲಭ, ಖರ್ಚಿಲ್ಲ.

ವಿದ್ಯುತ್ ಕಾರಿನವರೂ ಈಗ ಇದೇ ಪದ ಬಳಸುತ್ತಿದ್ದಾರೆ. ಬಹುಪಾಲು ವಿದ್ಯುತ್ ಕಾರುಗಳಲ್ಲಿ 12 ವೋಲ್ಟಿನ ಸಣ್ಣ ಬ್ಯಾಟರಿಯೂ ಇರುತ್ತದೆ, ಅದರ ಮಟ್ಟಿಗೆ ಮೇಲಿನದೆಲ್ಲ ಅನ್ವಯಿಸುತ್ತದೆ. ನಿಂತಲ್ಲೇ ದೊಡ್ಡ ಬ್ಯಾಟರಿಯ ಶೇಕಡಾವಾರು ಇಳಿಯುವುದಕ್ಕೆ ವ್ಯಾಂಪೈರ್ ಡ್ರೇನ್ ಎಂಬ ಹೆಸರು ಬಳಕೆಯಲ್ಲಿದೆ. ದೊಡ್ಡದು ಆಗಾಗ ಸಣ್ಣದನ್ನು ಚಾರ್ಜ್ ಮಾಡುವುದರಿಂದ 12 ವೋಲ್ಟಿನ ಕಡೆಯ ದೋಷ ಕೆಲವೊಮ್ಮೆ ದೊಡ್ಡ ಬ್ಯಾಟರಿಯ ಇಳಿತವಾಗಿಯೇ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಅಲ್ಲೂ ಅಳತೆಯನ್ನು 12 ವೋಲ್ಟಿನ ಬ್ಯಾಟರಿಯಿಂದಲೇ ಶುರುಮಾಡಬೇಕು. ಕಿತ್ತಳೆ ಬಣ್ಣದ ಕೇಬಲ್‌ಗಳು ಹೈ ವೋಲ್ಟೇಜಿನವು, ಅವುಗಳ ಹತ್ತಿರ ಮಲ್ಟಿಮೀಟರ್ ಒಯ್ಯಬೇಡಿ.