ದೊಡ್ಡ ಬ್ಯಾಟರಿ ಹಾಕಿದರೆ ಟ್ರಕ್ಕಿನ ಮೋಟರ್ ಸುಟ್ಟುಹೋಗುತ್ತದೆಯೇ?

ಪ್ರಶ್ನೆ: ನನ್ನ ಬಳಿ ಟ್ರ್ಯಾಕ್ಸಸ್ ಸ್ಲ್ಯಾಷ್ ಎಂಬ, ರಿಮೋಟಿನಿಂದ ಓಡಿಸುವ ಆಟಿಕೆ ಟ್ರಕ್ ಇದೆ, ಹಿಂದಿನ ಎರಡು ಚಕ್ರಗಳಿಗಷ್ಟೇ ಎಳೆತವಿರುವ ಮಾದರಿ. ಅದರೊಂದಿಗೆ ಬಂದ 3000 ಎಂಎಎಚ್ ಬ್ಯಾಟರಿ ಬೇಗ ಮುಗಿಯುತ್ತದೆ ಎಂದು 5000 ಎಂಎಎಚ್‌ನ 2 ಎಸ್ ಲಿಪೋ (ಎರಡು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ) ಕೊಂಡಿದ್ದೇನೆ. ಅದನ್ನು ಕೂರಿಸಲು ಬ್ಯಾಟರಿ ಟ್ರೇಯನ್ನು ಸ್ವಲ್ಪ ಮಾರ್ಪಡಿಸಬೇಕಾಗಿದೆ. ಆದರೆ ಅಷ್ಟು ಎಂಎಎಚ್ ಕೊಟ್ಟರೆ ಮೋಟರ್ ಸುಟ್ಟುಹೋಗುತ್ತದೆ, ಮೊದಲು ಬ್ರಷ್‌ಲೆಸ್ (ಒಳಗೆ ಇಂಗಾಲದ ಬ್ರಷ್ ಇಲ್ಲದ) ಮೋಟರ್ ಹಾಕಿಸು ಎಂದು ಗೆಳೆಯರು ಹೇಳುತ್ತಿದ್ದಾರೆ. ಇದು ನಿಜವೇ?

ಉತ್ತರ: ನಿಜವಲ್ಲ. ಎಂಎಎಚ್ ಹೆಚ್ಚಿರುವುದರಿಂದ ಯಾವ ಮೋಟರೂ ಸುಡುವುದಿಲ್ಲ. ಟ್ರಕ್ಕಿನ ಹೆಸರು ಬದಲಾಗಿ, ಅಂಕಿಗಳು ಬದಲಾಗಿ ಇದೇ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಟ್ಟಿಲ್ಲ. ಪ್ರತಿ ಸಲವೂ ಎರಡು ಸಾಲಿನಲ್ಲಿ ಉತ್ತರಿಸಿ ಸುಮ್ಮನಾದದ್ದು ನನ್ನದೇ ತಪ್ಪು ಎಂದು ಈಗ ಅನ್ನಿಸುತ್ತಿದೆ. ಎರಡು ಸಾಲಿನ ಉತ್ತರವನ್ನು ಓದಿದವರು ತಲೆಯಾಡಿಸುತ್ತಾರೆ, ಮೈದಾನಕ್ಕೆ ಹೋದಾಗ ಯಾರೋ ಹಿರಿಯರು "ಅಷ್ಟು ಕರೆಂಟ್ ತಡೆಯಲ್ಲ ಕಣಯ್ಯ" ಎಂದೊಡನೆ ಮತ್ತೆ ಅದನ್ನೇ ನಂಬುತ್ತಾರೆ. ಆದ್ದರಿಂದ ಈ ಸಲ ಬುಡದಿಂದಲೇ ವಿವರಿಸುತ್ತೇನೆ.

ಎಂಎಎಚ್ ಎನ್ನುವುದು ಬ್ಯಾಟರಿಯೊಳಗೆ ಎಷ್ಟು ವಿದ್ಯುತ್ ತುಂಬಿಕೊಂಡಿದೆ ಎಂಬುದರ ಅಳತೆಯೇ ಹೊರತು, ಅದು ಎಷ್ಟು ವೇಗವಾಗಿ ಹೊರಗೆ ಹರಿಯುತ್ತದೆ ಎಂಬುದರ ಅಳತೆಯಲ್ಲ. ಬ್ಯಾಟರಿಯ ಮೇಲೆ 25 ಸಿ, 50 ಸಿ ಎಂದು ಮುದ್ರಿಸಿರುವುದನ್ನೂ ಜನ ಹೀಗೆಯೇ ತಪ್ಪಾಗಿ ಓದುತ್ತಾರೆ. 5000 ಎಂಎಎಚ್ (ಅಂದರೆ 5 ಆಂಪಿಯರ್-ಗಂಟೆ), 25 ಸಿ ಎಂದಿದ್ದರೆ ಆ ಬ್ಯಾಟರಿ ಐದರ 25 ಪಟ್ಟು, ಅಂದರೆ 125 ಆಂಪಿಯರ್‌ವರೆಗೆ ಕೊಡಬಲ್ಲದು ಎಂದರ್ಥ, 125 ಆಂಪಿಯರನ್ನು ಮೋಟರಿನೊಳಗೆ ತುರುಕುತ್ತದೆ ಎಂದಲ್ಲ. ನಿಮ್ಮ ಬೀದಿಯ 100 ಕೆವಿಎ ಟ್ರಾನ್ಸ್‌ಫಾರ್ಮರನ್ನು ನೋಡಿ. ಅದು ಒಂದೊಂದು ಫೇಸಿನಲ್ಲೂ ಸುಮಾರು 139 ಆಂಪಿಯರ್ ಕೊಡಬಲ್ಲದು, ಅದೇ ತಂತಿಗೆ ಸೇರಿದ ನಿಮ್ಮ ದೇವರ ಕೋಣೆಯ 9 ವ್ಯಾಟಿನ ಎಲ್‌ಇಡಿ ಬಲ್ಬು ಒಂದು ಆಂಪಿಯರಿನ ಹತ್ತರಲ್ಲೊಂದು ಭಾಗವನ್ನೂ ಎಳೆದುಕೊಳ್ಳುವುದಿಲ್ಲ. ನಾಳೆ ಆ ಟ್ರಾನ್ಸ್‌ಫಾರ್ಮರ್ ತೆಗೆದು 250 ಕೆವಿಎಯದನ್ನು ಕೂರಿಸಿದರೂ ಬಲ್ಬು ಇದ್ದಂತೆಯೇ ಉರಿಯುತ್ತದೆ. ಆದರೆ ಮಳೆಗಾಳಿಗೆ ನ್ಯೂಟ್ರಲ್ ತಂತಿ ಕಡಿದುಹೋದಾಗ ಏನಾಗುತ್ತದೆ ಎಂಬುದನ್ನು ಹಳ್ಳಿಯಲ್ಲಿ ಬೆಳೆದವರಿಗೆ ನಾನು ಹೇಳಬೇಕಾಗಿಲ್ಲ. ವೋಲ್ಟೇಜ್ ಏರಿ, ಒಂದೇ ಸಂಜೆ ಬೀದಿಯ ಟಿವಿಗಳು ಸಾಲಾಗಿ ಸುಟ್ಟುಹೋಗುತ್ತವೆ. ಸುಡುವುದು ವೋಲ್ಟೇಜ್ ಏರಿದಾಗ, ಸಂಗ್ರಹ ಹೆಚ್ಚಾದಾಗ ಅಲ್ಲ.

ಇನ್ನು ವೋಲ್ಟೇಜಿನ ಲೆಕ್ಕ. ನಿಮ್ಮ ಹಳೆಯ ಬ್ಯಾಟರಿ ನಿಕಲ್ ಮೆಟಲ್ ಹೈಡ್ರೈಡ್ ಬಗೆಯದು, ಏಳು ಸೆಲ್ಲುಗಳದು. ಸೆಲ್ಲಿಗೆ 1.2 ವೋಲ್ಟಿನಂತೆ 8.4 ವೋಲ್ಟ್. ಹೊಸ 2 ಎಸ್ ಲಿಪೋ ಎರಡೇ ಸೆಲ್ಲಿನದು, ಹೆಸರಿಗೆ 7.4 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 8.4 ವೋಲ್ಟ್. ಅಂದರೆ ನೀವು ಹೆದರುತ್ತಿರುವ "ದೊಡ್ಡ" ಬ್ಯಾಟರಿಯ ವೋಲ್ಟೇಜು ಹಳೆಯದಕ್ಕಿಂತ ಹೆಚ್ಚೇನೂ ಇಲ್ಲ.

ಮೋಟರ್ ಎಷ್ಟು ಕರೆಂಟ್ ಎಳೆಯಬೇಕೆಂಬುದನ್ನು ಬ್ಯಾಟರಿ ನಿರ್ಧರಿಸುವುದಿಲ್ಲವಾದರೆ ಮತ್ತಾರು ನಿರ್ಧರಿಸುತ್ತಾರೆ ಎಂದು ಕೇಳಬಹುದು. ಮೋಟರಿನ ಮೇಲೆ ಬೀಳುವ ಹೊರೆಯೇ ಅದನ್ನು ನಿರ್ಧರಿಸುತ್ತದೆ. ತಿರುಗುತ್ತಿರುವ ಪ್ರತಿಯೊಂದು ಮೋಟರೂ ಅದೇ ಹೊತ್ತಿನಲ್ಲಿ ಒಂದು ಡೈನಮೊ ಕೂಡ ಆಗಿರುತ್ತದೆ, ತಿರುಗುವ ವೇಗಕ್ಕೆ ತಕ್ಕಂತೆ ಬ್ಯಾಟರಿಯ ವೋಲ್ಟೇಜಿಗೆ ಎದುರಾಗಿ ತನ್ನದೇ ಒಂದು ವೋಲ್ಟೇಜನ್ನು ಹುಟ್ಟಿಸುತ್ತಿರುತ್ತದೆ. ಎರಡರ ನಡುವಿನ ಅಂತರ ಎಷ್ಟಿದೆಯೋ ಅದಕ್ಕೆ ತಕ್ಕಷ್ಟು ಕರೆಂಟ್ ಹರಿಯುತ್ತದೆ. ಸಪಾಟಾದ ಸಿಮೆಂಟ್ ನೆಲದ ಮೇಲೆ ಟ್ರಕ್ ಹಗುರವಾಗಿ ಓಡುತ್ತಿರುವಾಗ ಅಂತರ ಚಿಕ್ಕದು. ಎತ್ತರದ ಹುಲ್ಲಿನಲ್ಲಿ ಚಕ್ರ ಸಿಕ್ಕಿಕೊಂಡು ಮೋಟರ್ ನಿಂತೇಹೋದರೆ ಎದುರು ವೋಲ್ಟೇಜ್ ಸೊನ್ನೆಯಾಗುತ್ತದೆ, ಕರೆಂಟ್ ಒಮ್ಮೆಲೇ ಏರಿ ತಂತಿಸುರುಳಿಯಲ್ಲಿ ಶಾಖವಾಗುತ್ತದೆ. ಆಗಲೂ ರಿಮೋಟಿನ ಟ್ರಿಗರ್ ಒತ್ತಿಹಿಡಿದೇ ಇದ್ದರೆ ಮೋಟರ್ ಹಾಳಾಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ, ಬ್ಯಾಟರಿ 3000 ಎಂಎಎಚ್‌ನದೇ ಆಗಿದ್ದರೂ ಅಷ್ಟೆ.

ಇಷ್ಟಾದರೂ ಈ ನಂಬಿಕೆ ಸಾಯುವುದಿಲ್ಲ, ಏಕೆಂದರೆ ಅದನ್ನು ಹೇಳುವವರು ಸುಳ್ಳು ಹೇಳುತ್ತಿಲ್ಲ. ದೊಡ್ಡ ಬ್ಯಾಟರಿ ಹಾಕಿದ ಮೇಲೆಯೇ ಅವರ ಮೋಟರ್ ಸುಟ್ಟಿರುತ್ತದೆ. ಅವರು ಕಂಡದ್ದು ಸತ್ಯ, ಕೊಟ್ಟ ಕಾರಣ ಮಾತ್ರ ತಪ್ಪು. ನಿಮ್ಮ ಟ್ರಕ್ ಸರಾಸರಿ 15 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. 3000 ಎಂಎಎಚ್ ಬ್ಯಾಟರಿ 12 ನಿಮಿಷಕ್ಕೆ ಬರಿದಾಗುತ್ತದೆ, ನೀವು ಟ್ರಕ್ಕನ್ನು ನೆರಳಿಗೆ ತಂದು ಬ್ಯಾಟರಿ ಬದಲಿಸುವಷ್ಟರಲ್ಲಿ ಮೋಟರ್ ತಣ್ಣಗಾಗಿರುತ್ತದೆ. 5000 ಎಂಎಎಚ್ ಆದರೆ 20 ನಿಮಿಷ ಒಂದೇ ಸಮನೆ ಓಡುತ್ತದೆ. ಪ್ರತಿ ನಿಮಿಷಕ್ಕೆ ಹುಟ್ಟುವ ಶಾಖ ಅಷ್ಟೇ, ಆದರೆ ಆರಲು ಸಿಗುತ್ತಿದ್ದ ಬಿಡುವು ಹೋಯಿತು. ಹದಿನೆಂಟನೆಯ ನಿಮಿಷದಲ್ಲಿ ಸುಟ್ಟ ಮೋಟರನ್ನು ಕೊಂದದ್ದು ವಿಶ್ರಾಂತಿಯಿಲ್ಲದ ಓಟ. ರಾಯಚೂರು, ಕಲಬುರಗಿಯ ಕಡೆ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿಯ ಬಿಸಿಲಿನಲ್ಲಿ ಓಡಿಸುವವರಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಮೋಟರನ್ನು ಮುಟ್ಟಿ ನೋಡಿ. ಒಂದೆರಡು ಸೆಕೆಂಡೂ ಬೆರಳಿಡಲಾಗದಷ್ಟು ಬಿಸಿಯಿದ್ದರೆ ಅದು ಆರುವವರೆಗೆ ಕಾಯಿರಿ.

ಇನ್ನೊಂದು ಕಾರಣವೂ ಇದೆ. ಹಳೆಯ ಬ್ಯಾಟರಿಯ ಒಳತಡೆ ಹೆಚ್ಚು, ಹೊಸ ಲಿಪೋವಿನದು ಕಡಿಮೆ. ಒಳತಡೆ 40 ಮಿಲಿಓಮ್ ಇದ್ದರೆ 40 ಆಂಪಿಯರ್ ಎಳೆದಾಗ ಬ್ಯಾಟರಿಯೊಳಗೇ 1.6 ವೋಲ್ಟ್ ಕಳೆದುಹೋಗುತ್ತದೆ, 10 ಮಿಲಿಓಮ್ ಇದ್ದರೆ ಕಳೆಯುವುದು 0.4 ವೋಲ್ಟ್ ಮಾತ್ರ. ಹೀಗೆ ಉಳಿದ 1.2 ವೋಲ್ಟ್ ಮೋಟರಿಗೆ ಸೇರಿ ಟ್ರಕ್ ಚುರುಕಾಗುತ್ತದೆ, ಮೋಟರ್ ಮೊದಲಿಗಿಂತ ತುಸು ಹೆಚ್ಚು ಬಿಸಿಯೂ ಆಗುತ್ತದೆ. ಇದು ಲಿಪೋವಿನ ಗುಣ. 3000 ಎಂಎಎಚ್‌ನ ಒಳ್ಳೆಯ ಲಿಪೋ ಹಾಕಿದ್ದರೂ ಹೀಗೆಯೇ ಆಗುತ್ತಿತ್ತು.

ಕಳೆದ ಬೇಸಿಗೆಯಲ್ಲಿ ಕಾಲೇಜು ಹುಡುಗನೊಬ್ಬ ಸುಟ್ಟ ಬ್ರಷ್‌ಲೆಸ್ ಮೋಟರೊಂದನ್ನು ಕವರಿನಲ್ಲಿ ಸುತ್ತಿಕೊಂಡು ನನ್ನ ಬಳಿ ತಂದ. "ಸಾರ್, ಐದು ಸಾವಿರದ ಬ್ಯಾಟರಿ ಹಾಕಿದ್ದಕ್ಕೇ ಹೋಯ್ತು, ಎಲ್ಲರೂ ಮೊದಲೇ ಹೇಳಿದ್ರು" ಎಂದ. ಮೋಟರನ್ನು ಬಿಚ್ಚಿ ಮೇಜಿನ ದೀಪದ ಕೆಳಗೆ ಹಿಡಿದು ತೋರಿಸಿದೆ. ಮೋಟರ್ ಕೂರಿಸುವ ಎರಡು ಸ್ಕ್ರೂಗಳಲ್ಲಿ ಒಂದರ ತುದಿ ಒಳಗಿನ ತಾಮ್ರದ ಸುರುಳಿಗೆ ತಾಗಿ, ಒಂದು ಎಳೆಯ ಮೇಲಿನ ವಿದ್ಯುತ್ ನಿರೋಧಕ ಮೆರುಗು ಕೆರೆದುಹೋಗಿತ್ತು. ಆ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ. 8 ಮಿಲಿಮೀಟರಿನ ಸ್ಕ್ರೂ ಸಿಗಲಿಲ್ಲವೆಂದು 12 ಮಿಲಿಮೀಟರಿನದನ್ನು ಬಿಗಿದಿದ್ದನಂತೆ. ಬ್ಯಾಟರಿಯ ಪಾತ್ರ ಅಲ್ಲಿ ಏನೇನೂ ಇರಲಿಲ್ಲ. ಆ ಚುಕ್ಕೆಯನ್ನು ನೋಡಿದ ಮೇಲೆ ಅವನು ತನ್ನ ಗೆಳೆಯರಿಗೆಲ್ಲ ಸ್ಕ್ರೂ ಅಳೆಯುವುದನ್ನು ಕಲಿಸಿದ್ದಾನೆ ಎಂಬುದು ನನಗೆ ಈ ವರ್ಷದ ದೊಡ್ಡ ಸಂತೋಷ.

ಬ್ರಷ್‌ಲೆಸ್ ಮೋಟರ್ ಮೊದಲು ಹಾಕಿಸಬೇಕೇ ಎಂಬುದಕ್ಕೆ ಉತ್ತರ ಚಿಕ್ಕದು: ಬೇಕಾಗಿಲ್ಲ. ನಿಮ್ಮ ಟ್ರಕ್ಕಿನಲ್ಲಿರುವ, ಬ್ರಷ್ ಬಗೆಯ ಟೈಟನ್ 12ಟಿ ಮೋಟರ್ 2 ಎಸ್ ಲಿಪೋವಿನಲ್ಲಿ ನೆಮ್ಮದಿಯಾಗಿ ಓಡುತ್ತದೆ. ಮುಂದೆಂದಾದರೂ ಬದಲಿಸಿದರೆ ಇಎಸ್‌ಸಿಯನ್ನೂ (ಮೋಟರಿನ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಸಾಧನ) ಬದಲಿಸಲೇಬೇಕು, ಏಕೆಂದರೆ ಬ್ರಷ್ ಮೋಟರಿಗೆ ಎರಡು ತಂತಿ, ಬ್ರಷ್‌ಲೆಸ್‌ಗೆ ಮೂರು. ಹಾಗೆಯೇ ವೋಲ್ಟೇಜ್ ಏರಿಸಿದವರು ಪಿನಿಯನ್ ಗೇರಿನ (ಮೋಟರಿನ ದಂಡಕ್ಕಿರುವ ಚಿಕ್ಕ ಹಲ್ಲುಚಕ್ರ) ಹಲ್ಲುಗಳನ್ನು ಇಳಿಸಬೇಕು. ನಿಮ್ಮ ಟ್ರಕ್ಕಿನಲ್ಲಿ 19 ಹಲ್ಲಿನ ಪಿನಿಯನ್, ಅದು ತಿರುಗಿಸುವ 86 ಹಲ್ಲಿನ ದೊಡ್ಡ ಸ್ಪರ್ ಗೇರ್ ಇವೆ, ಒಳಗಿನ ಉಳಿದ ಗೇರುಗಳೂ ಸೇರಿ ಒಟ್ಟು ಅನುಪಾತ 12.31, ಅಂದರೆ ಚಕ್ರದ ಒಂದು ಸುತ್ತಿಗೆ ಮೋಟರಿನ 12.31 ಸುತ್ತು. ಪಿನಿಯನ್ 17 ಹಲ್ಲಿಗೆ ಇಳಿದರೆ ಅನುಪಾತ 13.76 ಆಗಿ ಮೋಟರಿನ ಮೇಲಿನ ಹೊರೆ ಇಳಿಯುತ್ತದೆ. ಗೇರಿಗೆ ಕೈಹಾಕದೆ 2 ಎಸ್‌ನಿಂದ ನೇರವಾಗಿ 3 ಎಸ್‌ಗೆ ಹಾರುವವರ ಲೆಕ್ಕವನ್ನೂ ನೋಡಿ. ವೇಗ ಒಂದೂವರೆ ಪಟ್ಟಾದರೆ ಗಾಳಿಯ ತಡೆ ಎರಡೂಕಾಲು ಪಟ್ಟಾಗುತ್ತದೆ. ಗಾಳಿಯ ತಡೆಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೂ ಕರೆಂಟ್ ಅಷ್ಟೇ ಪಟ್ಟು ಏರಿ, ಸುರುಳಿಯಲ್ಲಿ ಹುಟ್ಟುವ ಶಾಖ ಅದರ ವರ್ಗದಂತೆ ಐದು ಪಟ್ಟಾಗುತ್ತದೆ. ಮೋಟರ್ ಸುಡುವ ನಿಜವಾದ ದಾರಿ ಇದು. ಇದನ್ನು ಬಿಟ್ಟು ಎಂಎಎಚ್ ಮೇಲೆ ಗೂಬೆ ಕೂರಿಸುವುದನ್ನು ದಯವಿಟ್ಟು ನಿಲ್ಲಿಸಿ.

ಈಗ ಟ್ರೇಯ ವಿಷಯ. 2 ಎಸ್, 5000 ಎಂಎಎಚ್‌ನ ಗಟ್ಟಿ ಕವಚದ ಬ್ಯಾಟರಿ ಸಾಮಾನ್ಯವಾಗಿ 138 ಮಿಲಿಮೀಟರ್ ಉದ್ದ, 46 ಅಗಲ, 25 ಎತ್ತರದ ಆಸುಪಾಸಿನಲ್ಲಿರುತ್ತದೆ. ಕೊಂಡದ್ದಾಗಿದೆ, ಇನ್ನು ಮಾಡಬೇಕಾದದ್ದು ಸ್ಕೇಲು ಹಿಡಿದು ಟ್ರೇಯನ್ನೂ ಬ್ಯಾಟರಿಯನ್ನೂ ಅಳೆಯುವುದು. ಎತ್ತರ ಎರಡು ಮೂರು ಮಿಲಿಮೀಟರ್ ಹೆಚ್ಚಾದರೆ ಮೇಲಿನ ಅಡ್ಡಪಟ್ಟಿಯ ಎರಡೂ ತುದಿಗೆ ಅಷ್ಟೇ ದಪ್ಪದ ಪ್ಲಾಸ್ಟಿಕ್ ಬಿಲ್ಲೆಗಳನ್ನಿಟ್ಟು ಎತ್ತರಿಸಿ, ಇಲ್ಲವೇ ಅಡ್ಡಪಟ್ಟಿಯನ್ನು ತೆಗೆದು ಅಗಲವಾದ ವೆಲ್ಕ್ರೊ ಪಟ್ಟಿ ಕಟ್ಟಿ. ಟ್ರೇಯ ಪಕ್ಕದ ಗೋಡೆಗಳನ್ನು ಕೊರೆಯಲು ಹೋಗಬೇಡಿ. ಅವು ಬ್ಯಾಟರಿ ಹಿಡಿಯಲು ಮಾತ್ರ ಇರುವುದಲ್ಲ, ಇಡೀ ಚಾಸಿ ಬಾಗದಂತೆ ತಡೆಯುವುದೂ ಅವೇ. ಸೆಲ್ಲುಗಳ ಮೇಲೆ ಒತ್ತಡ ಬೀಳುವಷ್ಟು ಬಿಗಿಯಾಗಿ ಕಟ್ಟಬೇಡಿ. ಲಿಪೋ ಹಳತಾದಂತೆ ತುಸು ಉಬ್ಬುತ್ತದೆ, ಅದಕ್ಕೆಂದು ಒಂದೆರಡು ಮಿಲಿಮೀಟರ್ ಜಾಗ ಬಿಟ್ಟು ಮೆತ್ತನೆಯ ಫೋಮ್ ತುಂಬಿ. ಸ್ಕ್ರೂವಿನ ತುದಿಯಾಗಲಿ, ಕತ್ತರಿಸಿದ ಪ್ಲಾಸ್ಟಿಕ್ಕಿನ ಚೂಪು ಅಂಚಾಗಲಿ ಬ್ಯಾಟರಿಗೆ ತಾಗುವಂತಿರಬಾರದು. ಚುಚ್ಚಿದ ಲಿಪೋ ಬೆಂಕಿ ಹತ್ತಿಕೊಳ್ಳುತ್ತದೆ, ಇದರಲ್ಲಿ ಉತ್ಪ್ರೇಕ್ಷೆಯಿಲ್ಲ. ಇನ್ನೊಂದು ಮಾತು: ನಿಮ್ಮ ಎಕ್ಸ್‌ಎಲ್-5 ಇಎಸ್‌ಸಿಯಲ್ಲಿ ಲಿಪೋಗಾಗಿ ಕಡಿಮೆ ವೋಲ್ಟೇಜಿನ ರಕ್ಷಣೆಯನ್ನು ಆನ್ ಮಾಡಿಕೊಳ್ಳಿ. ದೀಪ ಹಸಿರಾಗಿದ್ದರೆ ರಕ್ಷಣೆಯಿದೆ, ಕೆಂಪಾಗಿದ್ದರೆ ಇಲ್ಲ.

ಬ್ಯಾಟರಿಯನ್ನು ಟ್ರೇಯಲ್ಲಿ ಮುಂದೆ ಕೂರಿಸಬೇಕೋ ಹಿಂದೆಯೋ ಎಂದು ನೀವು ಕೇಳಿಲ್ಲ, ಆದರೆ ಕೇಳಬೇಕಾಗಿದ್ದ ಪ್ರಶ್ನೆ ಅದೇ. ಸ್ಲ್ಯಾಷ್‌ನ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ದೂರ ಸುಮಾರು 335 ಮಿಲಿಮೀಟರ್. 300 ಗ್ರಾಂ ತೂಕದ ಬ್ಯಾಟರಿಯನ್ನು 30 ಮಿಲಿಮೀಟರ್ ಮುಂದಕ್ಕೆ ಸರಿಸಿದರೆ ಸುಮಾರು 27 ಗ್ರಾಂ ಭಾರ ಹಿಂದಿನ ಚಕ್ರಗಳಿಂದ ಮುಂದಿನ ಚಕ್ರಗಳಿಗೆ ಹೋಗುತ್ತದೆ. ತಿರುವುಗಳಲ್ಲಿ ಮುಂಭಾಗ ಜಾರುವುದು ತಗ್ಗುತ್ತದೆ, ಆದರೆ ಒದ್ದೆ ಮಣ್ಣಿನಲ್ಲಿ ಹಿಂದಿನ ಚಕ್ರಗಳು ಹಿಡಿತ ಸಿಗದೆ ಸುಮ್ಮನೆ ತಿರುಗತೊಡಗುತ್ತವೆ. ಒಣ ಗಟ್ಟಿ ನೆಲದಲ್ಲಿ ಓಡಿಸುವವರು ಮುಂದಿಡಲಿ, ಸಡಿಲ ಮಣ್ಣಿನವರು ಹಿಂದಿಡಲಿ ಎಂಬುದು ನನ್ನ ಅಭಿಪ್ರಾಯ. ಎಲ್ಲಿಟ್ಟರೂ ಸರಿಯೇ, ಆದರೆ ಇಟ್ಟ ಬ್ಯಾಟರಿ ಜರುಗಬಾರದು. ಟ್ರಕ್ಕನ್ನು ದಿಬ್ಬದ ಮೇಲಿಂದ ಹಾರಿಸುವವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಗಾಳಿಯಲ್ಲಿರುವಾಗ ಟ್ರಿಗರ್ ಒತ್ತಿದರೆ ಮೂತಿ ಮೇಲೇಳುತ್ತದೆ, ಬ್ರೇಕ್ ಒತ್ತಿದರೆ ಮೂತಿ ಕೆಳಗಿಳಿಯುತ್ತದೆ. ಚಕ್ರಗಳು ಮುಂದಕ್ಕೆ ಇನ್ನಷ್ಟು ಜೋರಾಗಿ ತಿರುಗಿದಾಗ ಟ್ರಕ್ಕಿನ ಮೈ ಅದಕ್ಕೆ ಎದುರಾಗಿ ಹಿಂದಕ್ಕೆ ಬಾಗುತ್ತದೆ, ಚಕ್ರಗಳು ತಟ್ಟನೆ ನಿಂತಾಗ ಅವುಗಳ ತಿರುಗಾಟವೆಲ್ಲ ಮೈಗೆ ಬಂದು ಅದು ಮುಂದಕ್ಕೆ ಬಾಗುತ್ತದೆ. ಕೈ ಪಳಗಿದವರು ಇಷ್ಟರಿಂದಲೇ ನಾಲ್ಕೂ ಚಕ್ರಗಳ ಮೇಲೆ ಇಳಿಸುತ್ತಾರೆ. ಬ್ಯಾಟರಿ ಟ್ರೇಯೊಳಗೆ ಐದು ಮಿಲಿಮೀಟರ್ ಹಿಂದೆ ಮುಂದೆ ಸರಿದಾಡುತ್ತಿದ್ದರೆ ಪ್ರತಿ ಹಾರುವಿಕೆಯೂ ಬೇರೆಯಾಗಿ, ಕೈಗೆ ಆ ಲೆಕ್ಕ ಎಂದೂ ಸಿಗುವುದಿಲ್ಲ. ಬ್ಯಾಟರಿಯ ಹಿಂದೆ ಒಂದು ಮುಂದೆ ಒಂದು ಫೋಮ್ ತುಂಡು ಸಿಕ್ಕಿಸಿ, ಟ್ರಕ್ಕನ್ನು ಕೈಯಲ್ಲೆತ್ತಿ ಕಿವಿಯ ಬಳಿ ಅಲ್ಲಾಡಿಸಿ ನೋಡಿ, ಒಳಗಿಂದ ಸದ್ದು ಬರಬಾರದು.