ಟೇಕಡಿ ಇಳದು ಬಂದ್ರ ಮಣಿಕಟ್ಟು ನೋಯ್ತದ, ಜೆಲ್ ಗ್ಲೌಸ್ ತಗೊಂಡ್ರ ಹೋಗ್ತದೇನ್ರಿ?

ಪ್ರಶ್ನೆ: ನಮಸ್ಕಾರ ರೀ. ಮೂಲ ಗದಗ, ಈಗ ಪುಣೆದಾಗ ಪಾಷಾಣ ಕಡೆ ಇರ್ತೀನಿ. ಎಂಟು ತಿಂಗಳ ಹಿಂದ ಎಂಟಿಬಿ (ಗುಡ್ಡ ಹತ್ತಿ ಇಳಿಯೂ ಮೌಂಟನ್ ಬೈಕ್ ಸೈಕಲ್) ತಗೊಂಡೆ, ರವಿವಾರ ಮುಂಜಾನೆ ಇಲ್ಲಿನ ವೇತಾಳ ಟೇಕಡಿಗೆ, ಅಂದ್ರ ಗುಡ್ಡಕ್ಕ, ಹೋಗ್ತೀನಿ. ಇಳದು ಬರೂದ್ರಾಗ ಎರಡೂ ಮಣಿಕಟ್ಟು ಹಿಡಕೊಂಡಂಗ ಆಗಿರ್ತಾವ, ಬಲಗೈ ಕಿರುಬೆರಳು ಉಂಗುರಬೆರಳು ಜುಮ್ ಅಂತಾವ, ಒಮ್ಮೊಮ್ಮೆ ಮಂಗಳವಾರದ ತನಕ. ಛಲೋ ಜೆಲ್ ಗ್ಲೌಸ್ ತಗೊಂಡ್ರ ಹೋಗ್ತದೇನ್ರಿ?

ಉತ್ತರ: ಇಲ್ರಿ. ಗ್ಲೌಸ್ ಎಲ್ಲಾಕ್ಕಿಂತ ಕಡೀಕ ತಗೋರಿ. (ಪಾಷಾಣದಾಗ ಇರ್ತೀನಿ ಅಂದಾಗ ನಿಮ್ಮ ಮನ್ಯಾಗೂ ಹೌಹಾರಿದ್ರೇನು? ನಮ್ಮವ್ವ ಇವತ್ತಿಗೂ ಆ ಹೆಸರು ಬಾಯಾಗ ಹಿಡಿಯಂಗಿಲ್ಲ.) ನಾನೂ ನಿಮ್ಮಂಗ ಮೊದಲ ಗ್ಲೌಸ್ ತಂದೆ, ಅದೂ ಗಾದಿ ಹೊಲದಂಗ ದಪ್ಪನೂವು, ನೋವು ಇನ್ನಷ್ಟು ಜಾಸ್ತಿ ಆತು. ಯಾಕಂದ್ರ ಗ್ಲೌಸ್ ದಪ್ಪ ಆದಷ್ಟು ಗ್ರಿಪ್ ದಪ್ಪ ಆದಂಗ, ದಪ್ಪ ಗ್ರಿಪ್ ಹಿಡೀಲಿಕ್ಕೆ ಇನ್ನೂ ಗಟ್ಟಿ ಅಮುಕಬೇಕು, ಅಮುಕಿದಷ್ಟು ಕೈ ಸೋಲ್ತದ. ಕಡೀಕ ನನ್ನ ನೋವು ಹೋಗಿದ್ದು ಒಂದು ಅಲನ್ ಕೀಯಿಂದ (ಬೋಲ್ಟ್ ತಿರಗಸೂ ಆರು ಮೂಲಿ ಕೀಲಿ), ಹತ್ತು ನಿಮಿಷದ ಕೆಲಸ.

ಅದಕ್ಕೂ ಮೊದಲ ಯಾವ ಬೆರಳು ಜುಮ್ ಅಂತದ ಅನ್ನೂದು ನೋಡಬೇಕು, ನೀವು ಅದನ್ನ ಸರಿಯಾಗಿ ಬರದೀರಿ, ಶಾಬ್ಬಾಸ್. ಕಿರುಬೆರಳು, ಉಂಗುರಬೆರಳು ಅಂದ್ರ ಅಲ್ನರ್ ನರ. ಅದು ಅಂಗೈ ಬುಡದಾಗ, ಕಿರುಬೆರಳ ಕಡೆ ಒಂದು ಸಣ್ಣ ಸಂದಿಯೊಳಗ ಹಾದು ಹೋಗ್ತದ. ಫೆಲಿಕ್ಸ್ ಗಿಯೋಂ ಅನ್ನೂ ಫ್ರೆಂಚ್ ಡಾಕ್ಟರ್ 1861ರಾಗ ಅದನ್ನ ವಿವರಿಸಿದ್ರು, ಅವರ ಹೆಸರೇ ಆ ಸಂದಿಗೆ ಉಳದದ. ಹ್ಯಾಂಡಲ್ ಮ್ಯಾಲ ಮೈಭಾರ ಹಾಕಿದ್ರ ಕರೆಕ್ಟ್ ಆ ಜಾಗಾನ ಒತ್ತತದ. ಸೈಕಲ್ ಮಂದಿಗೆ ಇದು ಎಷ್ಟು ಮಾಮೂಲಿ ಅಂದ್ರ ಡಾಕ್ಟರು ಇದಕ್ಕ ಹ್ಯಾಂಡಲ್‌ಬಾರ್ ಪಾಲ್ಸಿ ಅಂತಲೇ ಹೆಸರಿಟ್ಟಾರ. ಹೆಬ್ಬೆಟ್ಟು, ತೋರುಬೆರಳು, ನಡುಬೆರಳು ಜುಮ್ ಅಂದ್ರ ಅದು ಬ್ಯಾರೆ ನರ, ಮೀಡಿಯನ್, ಮಣಿಕಟ್ಟಿನ ನಡುವಿನ ಸಂದಿಯೊಳಗ ಅದು ಒತ್ತಿದ್ರ ಕಾರ್ಪಲ್ ಟನಲ್ ಕಥಿ. ಜುಮ್ ಅನ್ನಂಗಿಲ್ಲ, ಹೆಬ್ಬೆಟ್ಟಿನ ಕಡೆ ಮಣಿಕಟ್ಟಷ್ಟ ಚುಚ್ಚತದ, ಗೇರ್ ಬದಲಿ ಮಾಡೂಮುಂದ ಜೀವ ಹೋಗ್ತದ ಅಂದ್ರ ಹೆಬ್ಬೆಟ್ಟಿನ ಸ್ನಾಯುಹಗ್ಗ ಬಾತಿರಬಹುದು.

ಈಗ ಅಲನ್ ಕೀ. ಅಂಗಡಿಯಿಂದ ಬಂದ ಎಷ್ಟೋ ಸೈಕಲ್ಲಿನಾಗ ಬ್ರೇಕ್ ಲಿವರ್ ನೆಲಕ್ಕ ಅಡ್ಡಕ, ಸಪಾಟ ನಿಂತಿರ್ತಾವ, ನಂದೂ ಹಂಗ ಇತ್ತು, ಜೋಡಿಸಿ ಕೊಟ್ಟಾಂವ ಒಮ್ಮೆನೂ ಹತ್ತಿ ಕೂಡ್ರಿ ನೋಡೂಣು ಅನ್ಲಿಲ್ಲ. ಲಿವರ್ ಅಷ್ಟು ಮ್ಯಾಲಿದ್ರ ಬೆರಳು ಅಲ್ಲಿಗೆ ಮುಟ್ಟಸ್ಲಿಕ್ಕೆ ಮಣಿಕಟ್ಟು ಕೆಳಗ ಕುಸದು ಹಿಂದಕ್ಕ ಮಡಚತದ, ಬಾಗಲ ದೂಡೂಮುಂದ ಕೈ ಹೆಂಗ ಇರ್ತದ ನೋಡ್ರಿ, ಹಂಗ. ಆ ಮಡಚಿದ ಕೈ ಮ್ಯಾಲ ಅರ್ಧ ತಾಸು ಕಲ್ಲಿನ ಪೆಟ್ಟು ಬಿದ್ರ ಏನಾಗಬೇಕು? ಗ್ವಾಡಿಗೆ ಸೈಕಲ್ ಆನಿಸಿ ಹತ್ತಿ ಕೂಡ್ರಿ, ಮೊಣಕೈ ಸ್ವಲ್ಪ ಬಗ್ಗಿಸಿ, ತೋರುಬೆರಳು ಲಿವರ್ ಮ್ಯಾಲ ಇಡ್ರಿ, ಮನ್ಯಾಗ ಯಾರಿಗರೆ ಬಾಜೂಕಿಂದ ಒಂದು ಫೋಟೋ ತಗೀಲಿಕ್ಕೆ ಹೇಳ್ರಿ. ಮೊಣಕೈಯಿಂದ ಬೆರಳ ಗೆಣ್ಣಿನ ತನಕ ಪಟ್ಟಿ ಇಟ್ಟಂಗ ನೆಟ್ಟಗ ಕಾಣಬೇಕು. ಕಾಣ್ಲಿಲ್ಲ ಅಂದ್ರ ಲಿವರಿನ ಕ್ಲ್ಯಾಂಪ್ ಬೋಲ್ಟ್ ಸಡಿಲ ಮಾಡಿ ಕೆಳಗ ತಿರಗಸ್ರಿ, ಭಾಳ ಮಂದಿಗೆ ನೆಲದ ಗೆರಿಗಿಂತ 30ರಿಂದ 45 ಡಿಗ್ರಿ ಕೆಳಗ ಸರಿ ಕೂಡ್ತದ. ಬರೇ ಕಡಿದಾದ ಇಳಿಜಾರೇ ಇಳಿಯೂ ಮಂದಿ ಇದಕ್ಕಿಂತ ಸಪಾಟ ಇಟ್ಕೋತಾರ, ಅವರನ್ನ ನೋಡಿ ನಕಲ್ ಮಾಡಬ್ಯಾಡ್ರಿ. ಹಂಗ ಲಿವರ್ ಒಂಚೂರು ಒಳಗ, ಹ್ಯಾಂಡಲ್ ನಡುವಿನ ಕಡೆ ಸರಸ್ರಿ, ಒಂದೇ ಬೆರಳು ಲಿವರಿನ ತುದಿಗೆ ಮುಟ್ಟಬೇಕು, ತುದಿ ಎಳದ್ರ ಕಡಿಮಿ ಜೋರಿನಾಗ ಬ್ರೇಕ್ ಹಿಡೀತದ. ಉಳದ ಮೂರು ಬೆರಳು ಹ್ಯಾಂಡಲ್ ಹಿಡಕೊಂಡಿರ್ಲಿ.

ಸೀಟು ಎರಡನೇದು, ಇದು ಯಾರಿಗೂ ಹೊಳಿಯಂಗಿಲ್ಲ. ಕೂಡೂ ಜಾಗಾ ನೋಯ್ತದ ಅಂತ ಸೀಟಿನ ಮೂತಿ ಕೆಳಗ ಬಗ್ಗಿಸಿರ್ತೀವಿ, ಆಮ್ಯಾಲ ಮೈ ಮುಂದಕ್ಕ ಜಾರತದ, ಜಾರಿದ್ದನ್ನ ದಿನಪೂರ್ತಿ ಹಿಂದಕ್ಕ ದೂಡಿ ಹಿಡಿಯೂದು ಯಾರು, ಕೈಗೋಳು. ಸೀಟಿನ ಮ್ಯಾಲ ಒಂದು ಪುಸ್ತಕ ಇಟ್ಟು ಅದರ ಮ್ಯಾಲ ಮೊಬೈಲ್ ಇಡ್ರಿ, ಲೆವೆಲ್ ತೋರಸೂ ಆ್ಯಪ್ ಇರ್ತದ, ಸಪಾಟ ಇದ್ರ ಛಲೋ, ಒಂದೆರಡು ಡಿಗ್ರಿ ಕೆಳಗಿದ್ರ ನಡೀತದ. ಇಷ್ಟಾದ ಮ್ಯಾಲೂ ಕೈ ಮ್ಯಾಲ ಭಾರ ಅನಿಸಿದ್ರ ಹ್ಯಾಂಡಲ್ ಎತ್ತರ ಮಾಡಸ್ರಿ, ಸ್ಟೆಮ್ (ಹ್ಯಾಂಡಲ್ ಹಿಡಕೊಂಡಿರೂ ತುಂಡು) ಮ್ಯಾಲಿರೂ ಸ್ಪೇಸರ್ ಬಳಿ ಅದರ ಕೆಳಗ ಹಾಕಿದ್ರ ಆತು, ಇಲ್ಲಾ ಗಿಡ್ಡ ಸ್ಟೆಮ್ ಹಾಕಸ್ರಿ.

ಹವಾ ನೋಡ್ರಿ. ಟೈರಿನ ಮ್ಯಾಲ ಬರದಿದ್ದು ಗರಿಷ್ಠ, ಅಷ್ಟು ಹೊಡೀಬೇಕು ಅಂತ ಅಲ್ಲ, ಆದ್ರ ಅಂಗಡ್ಯಾಗ ಕಲ್ಲಾಗೂ ತನಕ ಹೊಡದು ಕೊಡ್ತಾರ. 70 ಕೆಜಿ ಮನಶ್ಯಾಗ, 2.2 ಇಂಚಿನ ಟ್ಯೂಬ್ ಇರೂ ಟೈರಿಗೆ 28-30 ಪಿಎಸ್‌ಐ ಸುತ್ತಮುತ್ತ ಶುರು ಮಾಡ್ರಿ. ಇನ್ನ ಪೆಟ್ಟು ನುಂಗೂ ಮುಂದಿನ ಫೋರ್ಕನ್ನ ಬಿಗಿ ಮಾಡೂ ಲಾಕ್, ಹೇಳಲಿಕ್ಕೆ ನಾಚಿಕಿ ಬರ್ತದ, ಡಾಂಬರ್ ರಸ್ತೆ ಏರೂಮುಂದ ಹಾಕಿ ಇಳಿಯೂಮುಂದ ತಗೀಲಿಕ್ಕೆ ಮರತು ನಾನು ಎಷ್ಟು ಸರ್ತಿ ಟೇಕಡಿ ಇಳದೀನೋ. ಅದು ದಖ್ಖನ್ನಿನ ಬಸಾಲ್ಟ್ ಕಲ್ಲು, ನಮ್ಮೂರ ಎರಿ ಮಣ್ಣಲ್ಲ, ಒಂದೊಂದು ಕಲ್ಲೂ ನೇರ ಮಣಿಕಟ್ಟಿಗೇ ಬರ್ತದ.

ಇಳಿಯೂ ರೀತಿ ಬಗ್ಗೆ ಒಂದು ಮಾತು. ನೀವು ಗದಗದವರು ಅಂದಮ್ಯಾಲ ಚಕ್ಕಡಿ ಮ್ಯಾಲ ನಿಂತಗೊಂಡು ಹೋಗೂ ಹುಡುಗ್ರನ್ನ ನೋಡಿರ್ತೀರಿ. ಮೊಣಕಾಲು ಸಡಿಲ ಬಿಟ್ಟು ನಿಂತಿರ್ತಾರ, ಗಾಲಿ ಗುಂಡಿಗೆ ಬಿದ್ರ ಕಾಲು ಬಗ್ಗತಾವ, ಕೈಯಾಗ ಹಗ್ಗ ಹಗೂರ ಇರ್ತದ. ಸೈಕಲ್ ಮ್ಯಾಲೂ ಅದೇ, ಇಳಿಯೂಮುಂದ ಸೀಟು ಬಿಟ್ಟು ಪೆಡಲ್ ಮ್ಯಾಲ ನಿಂದರ್ರಿ, ಭಾರ ಕಾಲಿಗೆ ಹೋಗ್ಲಿ, ಮೊಣಕೈ ಹೊರಗ ಬಗ್ಗಿರ್ಲಿ. ಅಂಜಿಕಿ ಆದಾಗ ಹ್ಯಾಂಡಲ್ ಅವಚಿ ಹಿಡಿಯೂದು ಸಹಜ, ಅದಕ್ಕ ಸ್ವಲ್ಪ ಸಪಾಟ ಜಾಗಾ ಬಂದಾಗೊಮ್ಮೆ ಬೆರಳು ಪಿಯಾನೋ ಬಾರಿಸಿದಂಗ ಆಡಸ್ರಿ, ಎಷ್ಟು ಗಟ್ಟಿ ಹಿಡದಿದ್ದಿ ಅಂತ ಅವಾಗ ತಿಳೀತದ.

ಪಾಪ, ಎಲ್ಲಾ ತಪ್ಪೂ ಸೈಕಲ್ಲಿಂದೇ ಅಲ್ಲ. ಇಲ್ಲಿ ಭಾಳ ಮಂದಿಯಂಗ ವಾರದಾಗ ಐದು ದಿನ ಹಿಂಜವಡಿಯ ಐಟಿ ಆಫೀಸಿಗೆ ಸ್ಕೂಟರ್ ಮ್ಯಾಲ ಹೋಗಿ ಲ್ಯಾಪ್‌ಟಾಪ್ ಅಂಚಿಗೆ ಮಣಿಕಟ್ಟು ಊರಿ ಎಂಟು ತಾಸು ಟೈಪ್ ಮಾಡಿದ ಕೈ ಇರಬಹುದು ಅದು, ರವಿವಾರ ಬರೇ ಕಡೀ ಪೆಟ್ಟು ಬೀಳ್ತದ ಅಷ್ಟ. ರಾತ್ರಿ ಜುಮ್ ಅಂದು ಎಚ್ಚರಾಗಿ ಕೈ ಝಾಡಸ್ಬೇಕಾದ್ರ ಕಾರ್ಪಲ್ ಟನಲ್ ಅನಸ್ತದ, ಮಲಗೂಮುಂದ ಮಣಿಕಟ್ಟು ನೆಟ್ಟಗಿಡೂ ಪಟ್ಟಿ ಹಾಕೋರಿ, ಶುಗರ್ ಥೈರಾಯ್ಡ್ ಒಮ್ಮೆ ತಪಾಸ ಮಾಡಸ್ರಿ, ಅವಕ್ಕೂ ಇದಕ್ಕೂ ನಂಟದ.

ಬಿದ್ದಿದ್ದು ಇದ್ರ ಮಾತ್ರ ಮ್ಯಾಲಿಂದು ಯಾವುದೂ ಲೆಕ್ಕಕ್ಕಿಲ್ಲ. ಅಂಗೈ ಊರಿ ಬಿದ್ದು, ಹೆಬ್ಬೆಟ್ಟು ಅಗಲ ಮಾಡಿದಾಗ ಅದರ ಬುಡದಾಗ ಕಾಣೂ ತಗ್ಗು ಒತ್ತಿದ್ರ ನೋಯ್ತದ ಅಂದ್ರ ಸ್ಕೇಫಾಯ್ಡ್ ಅನ್ನೂ ಸಣ್ಣ ಎಲುಬು ಬಿರಕ ಬಿಟ್ಟಿರಬಹುದು. ಮೊದಲನೇ ಎಕ್ಸ್‌ರೇದಾಗ ಅದು ಎಷ್ಟೋ ಸರ್ತಿ ಕಾಣಂಗಿಲ್ಲ, ಹತ್ತು-ಹದಿನಾಲ್ಕು ದಿನ ಬಿಟ್ಟು ಮತ್ತ ತಗೀತಾರ, ಇಲ್ಲಾ ಎಂಆರ್‌ಐ ಮಾಡಸ್ತಾರ. ನಮ್ಮ ಗ್ಯಾಂಗಿನ ಒಬ್ಬಾಂವ ಉಳುಕು ಅಂತ ಎಣ್ಣಿ ತಿಕ್ಕೋತ ಕೂತ, ಆ ಎಲುಬಿಗೆ ಮೊದಲೇ ರಕ್ತ ಕಡಿಮಿ, ಬಿರಕ ಕೂಡಿಕೊಳ್ಳಲೇ ಇಲ್ಲ, ಕಡೀಕ ಸ್ಕ್ರೂ ಹಾಕಸ್ಕೊಂಡ.

ನಿಮ್ಮ ಕೈಗೆ ಬರ್ತೀನಿ. ರವಿವಾರದ ಜುಮ್ಮು ಮಂಗಳವಾರದ ತನಕ ಇರ್ತದ ಅಂದ್ರಲ್ಲ, ಅದು ನನಗ ಸೇರ್ಲಿಲ್ಲ. ಎರಡು ವಾರ ಟೇಕಡಿ ಬಿಡ್ರಿ, ಗುಳಿಗಿ ತಿಂದು ಹೋಗೂದಂತೂ ಬ್ಯಾಡೇ ಬ್ಯಾಡ. ಆಮ್ಯಾಲ ಲಿವರ್ ಒಂದನ್ನ ಬದಲಿ ಮಾಡಿ, ಹಳೇ ಜಾಗಾಕ್ಕ ಮಾರ್ಕರಿನಿಂದ ಗೆರಿ ಹೊಡದಿಟ್ಟು, ಸಣ್ಣದೊಂದು ಸುತ್ತು ಹೊಡದು ನೋಡ್ರಿ, ಮುಂದಿನ ಸರ್ತಿ ಸೀಟು, ಅದರ ಮುಂದಿನ ಸರ್ತಿ ಹವಾ, ಎಲ್ಲಾ ಒಮ್ಮೆಲೆ ತಿರುವಿದ್ರ ಯಾವುದರಿಂದ ಆರಾಮಾತು ಗೊತ್ತಾಗಂಗಿಲ್ಲ. ಆ ಎರಡು ವಾರದಾಗೂ ಜುಮ್ಮು ಹೋಗ್ಲಿಲ್ಲ, ಇಲ್ಲಾ ಬಾಟಲಿ ಮುಚ್ಚಳ ತಿರವೂಮುಂದ, ಕೀಲಿ ಹಾಕೂಮುಂದ ಕೈಯಾಗ ಶಕ್ತಿ ಸಾಲವಲ್ದು ಅನಿಸ್ತು ಅಂದ್ರ ಆರ್ಥೋಪೆಡಿಕ್ ಡಾಕ್ಟರ್ ಕಡೆ ಹೋಗ್ರಿ, ಹೋಗೂಮುಂದ ಆ ಬಾಜೂಕಿನ ಫೋಟೋ ಒಯ್ಯೂದು ಮರೀಬ್ಯಾಡ್ರಿ.